ಮಾತು ನುಂಗಿದ್ದು ಮೇಷ್ಟ್ರಲ್ಲ

ಬೆಳಗಿನ ಐದೂವರೆ. ರಸ್ತೆಗೆ ಇನ್ನೂ ಬಸ್ಸು ಇಳಿದಿಲ್ಲ. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ಗ್ರಂಥಾಲಯವೊಂದರ ಮೂರನೆಯ ಮಹಡಿ. ಮೆಟ್ಟಿಲ ಪಕ್ಕದ ಪುಟ್ಟ ಕೋಣೆಯಲ್ಲಿ ಐವತ್ತೆರಡರ ಹೆಂಗಸೊಬ್ಬರು ಚಪ್ಪಲಿ ಕಳಚಿಟ್ಟು, ಕಿವಿಗೆ ಹೆಡ್‌ಫೋನ್ ಏರಿಸಿ ಕುಳಿತಿದ್ದಾರೆ. ಎದುರಿನ ಪರದೆಯಲ್ಲಿ ಒಂಬತ್ತು ಹಸಿರು ಗೆರೆ, ಓದುವ ಕೋಣೆಗೊಂದರಂತೆ. ಹೊರಗೆ ಓದುಗರು ಗಂಟಲು ಸರಿಮಾಡಿಕೊಳ್ಳುತ್ತಾ ಒಬ್ಬೊಬ್ಬರಾಗಿ ಬರುತ್ತಿದ್ದಾರೆ. ಏಳೂವರೆಯೊಳಗೆ ಓದು ಮುಗಿಯಬೇಕು. ಆಮೇಲೆ ಹಾರನ್ನುಗಳದ್ದೇ ದರ್ಬಾರು.

ಇಲ್ಲಿ ಎಲ್ಲರಿಗೂ ಅವರು ತಂತಿಯಮ್ಮ. ಹದಿನೆಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು, ಅದು ಬಾಗಿಲು ಹಾಕಿದ ಮೇಲೆ ಇಲ್ಲಿಗೆ ಬಂದವರು. ಪ್ರತಿ ಪುಸ್ತಕದ ಆರಂಭದಲ್ಲಿ ಓದಿದವರ ಹೆಸರು ಕೇಳಿಸುತ್ತದೆ. ತಂತಿಯಮ್ಮನ ಹೆಸರು ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಸಿಗುವುದಿಲ್ಲ.

ಓದಿದ ಧ್ವನಿ ಇಲ್ಲಿನ ಕಂಪ್ಯೂಟರುಗಳಲ್ಲಿ ಉಳಿಯುವುದಿಲ್ಲ. ಊರಿನ ಇನ್ನೊಂದು ತುದಿಯಲ್ಲಿ ದೊಡ್ಡ ಸರ್ವರ್ ಇದೆ. ಇವರೆಲ್ಲ ಅದನ್ನು 'ಕಣಜ' ಎನ್ನುತ್ತಾರೆ. ಕಣಜದ ಫೋಲ್ಡರುಗಳನ್ನು ನೆಟ್‌ವರ್ಕ್ ಮೂಲಕ ಇಲ್ಲಿನ ಯಂತ್ರಕ್ಕೆ ಜೋಡಿಸಿದರೆ, ಅವು ಆ ಯಂತ್ರದ ಸ್ವಂತದ್ದೇ ಎಂಬಂತೆ ಕಾಣುತ್ತವೆ. ಈ ಜೋಡಣೆಗೆ ಮೌಂಟ್ ಎಂದು ಹೆಸರು. ಒಂಬತ್ತು ಯಂತ್ರ, ಇಪ್ಪತ್ತೇಳು ಮೌಂಟು, ದಿನಕ್ಕೆ ಹದಿನಾರು ಗಂಟೆಯ ಓದು, ಕೇಳುಗರಿಗೆ ಹೊರಡುವ ನೂರ ನಲವತ್ತು ಪುಸ್ತಕ, ಇಷ್ಟೂ ತಂತಿಯಮ್ಮನ ಹೆಗಲ ಮೇಲಿದೆ.

ಸರಿಯಾಗಿ ನಡೆಯುವಷ್ಟು ದಿನ ಈ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಹೋದ ವರ್ಷ ಎಡವಟ್ಟಾಯಿತು.

ನಾಲ್ಕನೆಯ ಕೋಣೆಯಲ್ಲಿ ಓದುವವರು ಎಪ್ಪತ್ತೊಂದು ವರ್ಷದ ನಿವೃತ್ತ ಮೇಷ್ಟ್ರು. ಅವರ ಓದಿನಲ್ಲಿ ಅಲ್ಲಲ್ಲಿ ಅರ್ಧ ಮಾತು ಮಾಯವಾಗತೊಡಗಿತು. "ಪಾಪ, ವಯಸ್ಸಾಯ್ತು. ಮಾತು ನುಂಗ್ತಾರೆ," ಎಂದು ಮೇಲ್ವಿಚಾರಕರು ಷರಾ ಬರೆದೇಬಿಟ್ಟರು. ತಿಂಗಳ ಕೊನೆಗೆ ಮೇಷ್ಟ್ರನ್ನು ಗೌರವದಿಂದಲೇ ಮನೆಗೆ ಕಳಿಸುವುದೆಂದಾಯಿತು. ಕೆಟ್ಟದ್ದೆಂದರೆ, ಮೇಷ್ಟ್ರೇ ಅದನ್ನು ನಂಬಿಬಿಟ್ಟಿದ್ದರು. ಮಕ್ಕಳಿಗೆ ಬಾಯಿಬಿಟ್ಟು ಓದಿ ಎಂದು ಜೀವಮಾನವಿಡೀ ಗದರಿದ ಮನುಷ್ಯ, ಮನೆಯಲ್ಲಿ ಕನ್ನಡಿ ಮುಂದೆ ನಿಂತು ಬಾಯಿಬಿಟ್ಟು ಓದುವುದನ್ನು ಅಭ್ಯಾಸ ಮಾಡುತ್ತಿದ್ದರು.

ನಂಬದೆ ಉಳಿದವರು ಒಬ್ಬರೇ, ತಂತಿಯಮ್ಮನ ಅಕ್ಕ. ಹುಟ್ಟಿನಿಂದ ಕಣ್ಣು ಕಾಣದ ಅವರು ತಂಗಿಯ ಜೊತೆಯೇ ಇದ್ದಾರೆ. ಹೊಸ ಓದು ಮೊದಲು ಬೀಳುವುದು ಅವರ ಕಿವಿಗೆ. ಎಲ್ಲಿ ಮಾತು ತಪ್ಪುತ್ತದೋ ಅಲ್ಲಿ ತೋರುಬೆರಳಿಂದ ಮೇಜು ಕುಟ್ಟುತ್ತಾರೆ. ಆ ಮಾತು ಬೆಳಗ್ಗೆ ಎಷ್ಟು ಹೊತ್ತಿಗೆ ಓದಿದ್ದೆಂದು ತಂಗಿ ಬರೆದುಕೊಳ್ಳುತ್ತಾರೆ. ನಾಲ್ಕು ದಿನದ ಓದಿಗೆ ಅಕ್ಕ ಅರವತ್ತೆರಡು ಸಲ ಕುಟ್ಟಿದರು.

"ಬರ್ಕೊಂಡಿದ್ದು ನೋಡ್ತೀನಿ, ಎಲ್ಲಾ ಆರು ಹತ್ತರಿಂದ ಆರೂವರೆ ಒಳಗೇ ಇದೆ," ಎನ್ನುತ್ತಾರೆ ತಂತಿಯಮ್ಮ. "ಅಕ್ಕ ನಕ್ಕುಬಿಟ್ಲು. ವಯಸ್ಸಾದವ್ರು ಗಡಿಯಾರ ನೋಡ್ಕೊಂಡು ಮಾತು ನುಂಗ್ತಾರೇನೇ ಅಂದ್ಲು."

ಆರು ಹತ್ತಕ್ಕೆ ಏನಾಗುತ್ತದೆ? ಕೇಳುಗರಿಗೆ ಕಳಿಸಬೇಕಾದ ಹಳೆಯ ಪುಸ್ತಕಗಳು ಕಣಜದಿಂದ ಬರುತ್ತವೆ, ಅದೂ ನಾಲ್ಕನೆಯ ಕೋಣೆಯ ಯಂತ್ರದ ಮೂಲಕ. ಓದನ್ನು ಬರೆಯುವ ಫೋಲ್ಡರು ಬೇರೆ, ಹಳೆಯ ಪುಸ್ತಕದ ಫೋಲ್ಡರು ಬೇರೆ. ಆದರೆ ಎರಡೂ ಒಂದೇ ಕಣಜದವಾದ್ದರಿಂದ ಯಂತ್ರ ಜಾಣತನ ಮಾಡಿ ಎರಡನ್ನೂ ಒಂದೇ ಸಂಪರ್ಕದಲ್ಲಿ ಸಾಗಿಸುತ್ತಿತ್ತು. ನೂರ ನಲವತ್ತು ಪುಸ್ತಕಗಳು ನುಗ್ಗುವ ಹೊತ್ತಿಗೆ ಮೇಷ್ಟ್ರ ದನಿ ಹಿಂದೆ ಸಾಲಿನಲ್ಲಿ ನಿಂತು, ಕಾದೂ ಕಾದೂ ತುಂಡಾಗುತ್ತಿತ್ತು.

"ಎಕ್ಸ್‌ಚೇಂಜಲ್ಲಿ ಎರಡು ಮನೆಗೆ ಒಂದೇ ಲೈನ್ ಇರ್ತಿತ್ತು," ಎಂದು ತಂತಿಯಮ್ಮ ವಿವರಿಸುತ್ತಾರೆ. "ಒಬ್ರು ಹರಟೆಗೆ ಕೂತ್ರೆ ಇನ್ನೊಬ್ರಿಗೆ ಫೋನೇ ಇಲ್ಲ. ಇದೂ ಅದೇ ಕಥೆ."

ಅವರು ಮೇಲ್ವಿಚಾರಕರ ಬಳಿ ಹೋಗಿ ಒಂದೇ ಮಾತು ಕೇಳಿದರು: "ಸರ್, ನಾಳೆ ಆರು ಹತ್ತಕ್ಕೆ ನೀವೇ ಬಂದು ಕೇಳಿ. ಆಮೇಲೆ ಬೇಕಾದ್ರೆ ಮನೆಗೆ ಕಳ್ಸಿ."

ಮಾರನೆಯ ದಿನ ಐದಕ್ಕೇ ಬಂದ ತಂತಿಯಮ್ಮ, ಹುರುಪಿನಲ್ಲಿ ಇಪ್ಪತ್ತೇಳು ಮೌಂಟಿಗೂ ಪ್ರತ್ಯೇಕ ಸಂಪರ್ಕ ಕೊಟ್ಟುಬಿಟ್ಟರು. ಕಣಜ ಒಪ್ಪುವುದು ಇಪ್ಪತ್ತನ್ನು ಮಾತ್ರ ಎಂಬುದು ಅವರಿಗೆ ಗೊತ್ತಿರಲಿಲ್ಲ. ಮಿಕ್ಕ ಏಳು ಮೌಂಟುಗಳಿಗೆ ಅದು ಬಾಗಿಲು ತೆರೆಯಲಿಲ್ಲ. ನಾಲ್ಕನೆಯ ಕೋಣೆಯದೂ ಅದರಲ್ಲೇ ಸೇರಿತ್ತು. ಮೇಷ್ಟ್ರು ಮೈಕಿನ ಮುಂದೆ ಪುಸ್ತಕ ತೆರೆದು ಕೂತಿದ್ದಾರೆ, ಮೇಲ್ವಿಚಾರಕರು ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದಾರೆ, ಆಗಲೇ ಆರು ಗಂಟೆ.

"ನನ್ನ ಆತುರಕ್ಕೆ ಅವರ ಮಾನ ಹೋಗತ್ತಲ್ಲಾ ಅನ್ನಿಸ್ತು," ಎನ್ನುವಾಗ ಈಗಲೂ ತಂತಿಯಮ್ಮನ ದನಿ ಸಣ್ಣಗಾಗುತ್ತದೆ.

ಮಾಡಿದ್ದನ್ನೆಲ್ಲ ಬಿಚ್ಚಿದರು. ಉಳಿದ ಮೌಂಟುಗಳು ಮೊದಲಿನಂತೆ ಹಂಚಿಕೊಂಡೇ ಇರಲಿ, ಅವಕ್ಕೇನೂ ಅವಸರವಿಲ್ಲ. ಮೇಷ್ಟ್ರ ಓದಿಗೆ ಮಾತ್ರ ಬೇರೆ ಸಂಪರ್ಕ. ಆರು ಎಂಟಕ್ಕೆ ನಾಲ್ಕನೆಯ ಗೆರೆ ಹಸಿರಾಯಿತು. ಆರು ಹತ್ತಕ್ಕೆ ಹಳೆಯ ಪುಸ್ತಕಗಳು ನುಗ್ಗಿ ಬಂದವು. ಮೇಷ್ಟ್ರು ಓದುತ್ತಲೇ ಇದ್ದರು. ಮೇಲ್ವಿಚಾರಕರು ಆರೂವರೆಯವರೆಗೆ ಹೆಡ್‌ಫೋನ್ ಒತ್ತಿ ಹಿಡಿದು ಕೇಳಿದರು. ಕೊನೆಗೆ ಷರಾ ಬರೆದಿದ್ದ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಹೋದರು.

ಹೊರಗೆ ಬಂದ ಮೇಷ್ಟ್ರು ಕೇಳಿದ್ದು ಇಷ್ಟೇ: "ಹಾಗಾದ್ರೆ ನಾನು ನುಂಗಿದ್ದಲ್ವಾ?"

"ಇಲ್ಲ ಮೇಷ್ಟ್ರೇ. ಒಂದಕ್ಷರಾನೂ ನೀವು ನುಂಗಿಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಬಹಳ ಹೊತ್ತು ಒರೆಸಿದರು. ಈಗ ಅವರು ಓದುತ್ತಿರುವುದು ಏಳುನೂರು ಪುಟದ ಪುಸ್ತಕ. ಬೇಕೆಂದೇ ದಪ್ಪನೆಯದನ್ನು ಆರಿಸಿಕೊಂಡಿದ್ದಾರೆ.

ಪುಸ್ತಕದ ಕೊನೆಯಲ್ಲಿ ನಿಮ್ಮ ಹೆಸರನ್ನೂ ಹೇಳಿಸೋಣವೇ ಎಂದರೆ ತಂತಿಯಮ್ಮ ಕೈಯಲ್ಲಾಡಿಸಿಬಿಡುತ್ತಾರೆ. "ಅಯ್ಯೋ, ಬೇಡ ಬಿಡಿ. ನನಗೆ ಒಂದೇ ಆಸೆ."

ಅದೇನೆಂದು ತಿಳಿಯಲು ಅವರ ಮನೆಗೆ ಹೋಗಬೇಕು. ಕೆಲಸ ಮುಗಿಸಿ ಬಂದು, ಚಹಾ ಸೋಸಿ, ಅಕ್ಕನ ಎದುರು ಅಂದಿನ ಓದು ಹಾಕುತ್ತಾರೆ. ಮೇಷ್ಟ್ರ ದನಿ ಕೋಣೆ ತುಂಬುತ್ತದೆ. ಅಕ್ಕನ ತೋರುಬೆರಳು ಮೇಜಿನ ಮೇಲೆ ಸಿದ್ಧವಾಗಿದೆ. ತಂಗಿ ಪೆನ್ಸಿಲ್ಲು ಹಿಡಿದು ಅದನ್ನೇ ನೋಡುತ್ತಾರೆ. ಓದು ಮುಗಿಯುತ್ತದೆ. ಹಾಳೆ ಖಾಲಿ.

"ಅಕ್ಕನ ಬೆರಳು ಸುಮ್ಮನಿರಬೇಕು," ಎನ್ನುತ್ತಾರೆ ತಂತಿಯಮ್ಮ. "ನನಗೆ ಅಷ್ಟು ಸಾಕು."