ಬಣ್ಣದ ಮೇಸ್ತ್ರಿ ಮತ್ತು ಎದುರುಮನೆಯ ಗೋಡೆ

ಬಣ್ಣದ ಮೇಸ್ತ್ರಿಗೆ ಹೊಟ್ಟೆಕಿಚ್ಚು ಶುರುವಾದದ್ದು ಅರವತ್ತರ ಆಸುಪಾಸಿನಲ್ಲಿ. ಅಲ್ಲಿಯವರೆಗೂ ಆ ಮನುಷ್ಯ ಯಾರನ್ನು ನೋಡಿಯೂ ಕರುಬಿದವನಲ್ಲ. ಕರುಬುವುದಕ್ಕೆ ಪುರುಸೊತ್ತಾದರೂ ಎಲ್ಲಿತ್ತು? ಮೂವತ್ತೆರಡು ವರ್ಷ ಬೆಳಗಾದರೆ ಏಣಿ ಹೆಗಲಿಗೆ, ಬ್ರಷ್ಷು ಬಕೆಟ್ಟಿಗೆ, ಸೈಕಲ್ಲು ರಸ್ತೆಗೆ. ಊರಿನ ಅರ್ಧಕ್ಕರ್ಧ ಮನೆಗಳ ಒಳಗೋಡೆಗಳು ಅವನ ಕೈಯಲ್ಲೇ ಬೆಳ್ಳಗಾಗಿದ್ದವು. ಗೋಡೆಯೂ ಚಾವಣಿಯೂ ಸೇರುವ ಕಡೆ ಎರಡು ಬಣ್ಣಗಳ ನಡುವೆ ಗೆರೆ ಎಳೆಯುವುದರಲ್ಲಂತೂ ಅವನದು ಎತ್ತಿದ ಕೈ. ದಾರ ಹಿಡಿದು ನೋಡಿದರೂ ಕೂದಲೆಳೆಯಷ್ಟು ಆಚೀಚೆ ಆಗುತ್ತಿರಲಿಲ್ಲ.

ಇಷ್ಟೆಲ್ಲ ಮಾಡಿದವನ ಸ್ವಂತ ಮನೆಯ ಮುಂಭಾಗ ಮಾತ್ರ ಸಿಮೆಂಟಿನ ಬೂದು ಮೈಯಲ್ಲೇ ನಿಂತಿತ್ತು. ಗೇಟು ತುಕ್ಕು ಹಿಡಿದು ತೆಗೆದಾಗಲೆಲ್ಲ ಕಿರ್‍ರೆನ್ನುತ್ತಿತ್ತು. ಅಂಗಳದಲ್ಲಿ ಖಾಲಿ ಡಬ್ಬಗಳು, ಮುರಿದ ಏಣಿ, ಬಣ್ಣ ಕುಡಿದು ಗಟ್ಟಿಯಾದ ಚಿಂದಿಬಟ್ಟೆ. ಹೆಂಡತಿ ಕೇಳಿದಾಗಲೆಲ್ಲ "ಮುಂದಿನ ತಿಂಗಳು ಗ್ಯಾರಂಟಿ ಕಣೇ" ಎನ್ನುತ್ತಿದ್ದ. ಆ ಮುಂದಿನ ತಿಂಗಳಿಗೆ ಹನ್ನೊಂದು ವರ್ಷ ವಯಸ್ಸಾಗಿತ್ತು. ಹೆಂಡತಿ ಕೇಳುವುದನ್ನೇ ಬಿಟ್ಟಿದ್ದಳು.

ಆ ಹೆಂಗಸು ಬಟ್ಟೆ ಹೊಲಿಯುವವಳು. ಬೀದಿಗೆ ತೆರೆದ ಕಿಟಕಿಯ ಪಕ್ಕದಲ್ಲೇ ಅವಳ ಮಿಷನ್ನು. ಕಣ್ಣು ಸೂಜಿಯ ಮೇಲೆ, ಕಿವಿ ಬೀದಿಯ ಮೇಲೆ. ಹೊಗಳುವುದರಲ್ಲಿ ಮಹಾ ಜಿಪುಣಿ. ಹಾಗಂತ ಅನ್ಯಾಯ ಮಾಡುವವಳಲ್ಲ. ಗುಂಡಿಯ ಕಾಜಾ ನೀಟಾಗಿದ್ದರೆ ನೀಟಾಗಿದೆ ಎನ್ನುವಳು, ಬೇರೆ ದರ್ಜಿ ಹೊಲಿದದ್ದಾದರೂ ಸರಿ. ಗಂಡನ ಕೆಲಸದ ಬಗ್ಗೆ ಮಾತ್ರ ಒಂದು ದಿನವೂ ತುಟಿ ಎರಡು ಮಾಡಿರಲಿಲ್ಲ. ಒಮ್ಮೆ ಮೇಸ್ತ್ರಿ ತಾನೇ ಬಾಯಿಬಿಟ್ಟು ಕೇಳಿದ್ದಕ್ಕೆ, "ನಾನು ನೋಡಿದ್ರೆ ತಾನೇ ಹೇಳೋದು? ಕಂಡೋರ ಮನೆ ಮಲಗೋ ಕೋಣೆಗೆ ನುಗ್ಗಿ ಗೋಡೆ ನೋಡ್ಕೊಂಡು ಬರ್ಲಾ?" ಎಂದಿದ್ದಳು. ಮೇಸ್ತ್ರಿಯೂ ನಕ್ಕಿದ್ದ.

ಹೀಗಿರುವಾಗ ಎದುರುಮನೆಯವನು ತನ್ನ ಅಂಗಡಿ ಮುಚ್ಚಿದ. ಅವನು ಗಡಿಯಾರ ರಿಪೇರಿಯವನು, ಒಂಟಿ ಜೀವ, ಬೀದಿಗೆಲ್ಲ ಗಡಿಯಾರದವರು ಎಂದೇ ಗೊತ್ತು. ವಯಸ್ಸಿನ ಜೊತೆ ಕೈನಡುಕ ಶುರುವಾಗಿ, ಸಾಸಿವೆಯಷ್ಟು ತಿರುಪು ಹಿಡಿಯಲಾಗದೆ, ಕೊನೆಗೆ ಕಣ್ಣಿಗೆ ಹಾಕಿಕೊಳ್ಳುವ ಭೂತಗನ್ನಡಿಯನ್ನು ಪೆಟ್ಟಿಗೆಯಲ್ಲಿಟ್ಟು ಮನೆ ಸೇರಿದ. ಸುಮ್ಮನೆ ಕೂತು ಪೇಪರ್ ಓದಬಹುದಿತ್ತಲ್ಲ ಪುಣ್ಯಾತ್ಮ! ಎರಡನೇ ವಾರವೇ ಗೇಟಿನ ಮುಂದೆ ಸ್ಟೂಲು ಹಾಕಿಕೊಂಡು ತುಕ್ಕು ಕೆರೆಯಲು ಕೂತ.

ಮೇಸ್ತ್ರಿ ಮೊದಲ ದಿನ ಮೂಗು ಮುರಿದ. "ನೋಡ್ತಿರು, ಪ್ರೈಮರ್ ಹೊಡೀದೆ ಹಾಗೇ ಬಣ್ಣ ಬಳೀತಾರೆ. ಆರು ತಿಂಗಳಿಗೆ ಚಕ್ಕೆ ಏಳುತ್ತೆ."

ಗಡಿಯಾರದವನು ಪ್ರೈಮರ್ ಹೊಡೆದ. ಅದೂ ಸರಳಿನ ಸಂದುಗೊಂದಿಯನ್ನೆಲ್ಲ ತೆಳ್ಳನೆಯ ಬ್ಲೇಡಿನಿಂದ ಕೆರೆದು, ಉಪ್ಪುಕಾಗದ ತಿಕ್ಕಿ, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದ ಮೇಲೆ. ಒಂದೇ ಒಂದು ಗೇಟಿಗೆ ಹದಿನಾರು ದಿನ! ಮೇಸ್ತ್ರಿ ಅಷ್ಟರಲ್ಲಿ ಎರಡು ಮನೆ ಮುಗಿಸುತ್ತಿದ್ದ. ಆದರೆ ಕೊನೆಯ ಕೋಟು ಒಣಗಿದ ದಿನ ಆ ಗೇಟು ಗಾಢ ಹಸಿರಿನಲ್ಲಿ ಎಂಥ ಲಕ್ಷಣವಾಗಿ ನಿಂತಿತೆಂದರೆ, ಮೇಸ್ತ್ರಿ ಹಾಲು ತರುವ ನೆಪದಲ್ಲಿ ಹತ್ತಿರ ಹೋಗಿ ಅಡಿಯಿಂದ ಮುಡಿಯವರೆಗೆ ತಪ್ಪು ಹುಡುಕಿದ. ಒಂದು ಸೋರಿದ ಹನಿ ಸಿಕ್ಕಿದ್ದರೂ ಅವನಿಗೆ ಅಂದು ನೆಮ್ಮದಿಯಾಗಿ ಊಟ ಸೇರುತ್ತಿತ್ತು. ಸಿಗಲಿಲ್ಲ.

ಆಮೇಲೆ ಗೇಟಿನಿಂದ ಬಾಗಿಲವರೆಗೆ ಚಪ್ಪಡಿ ಕಲ್ಲಿನ ಹಾದಿ ಬಂತು. ಹಾದಿಯ ಎರಡೂ ಬದಿ ಕುಂಡಗಳು ಬಂದವು. ಬಾಗಿಲ ಮೇಲೊಂದು ದೀಪ, ಗೋಡೆಗೆ ತಾನೇ ಬರೆದ ಮನೆ ನಂಬರು. ಒಂದೊಂದು ಬಂದಾಗಲೂ ಮೇಸ್ತ್ರಿಯ ಹೊಟ್ಟೆಯಲ್ಲಿ ಒಂದೊಂದು ಕಡ್ಡಿ ಗೀರಿದಂತಾಗುತ್ತಿತ್ತು. ಊರಿಗೆ ಬಂದ ಮಗಳು ತನ್ನ ಮಗುವನ್ನು ಎತ್ತಿಕೊಂಡು ನೇರ ಎದುರು ಗೇಟಿಗೆ ಹೋಗಿ ಕೂಗಿದಳು: "ಅಪ್ಪಾ, ಇಲ್ಲೊಂದು ಫೋಟೋ ತೆಗಿ, ಹಿಂದೆ ಚೆನ್ನಾಗಿ ಬರುತ್ತೆ." ಮೇಸ್ತ್ರಿಯೇ ಫೋನು ಹಿಡಿದು ಎದುರುಮನೆಯ ಗೇಟು, ಹಾದಿ, ಕುಂಡ ಎಲ್ಲ ಬರುವ ಹಾಗೆ ಸ್ವಂತ ಮೊಮ್ಮಗಳ ಫೋಟೋ ತೆಗೆಯಬೇಕಾಯಿತು. ಅವನ ಹಲ್ಲು ಕಡಿದ ಸದ್ದು ಫೋಟೋದಲ್ಲಿ ಬರಲಿಲ್ಲ, ಪುಣ್ಯ.

ಅದಾದರೂ ಹೋಗಲಿ. ಒಂದು ದಿನ ಹೆಂಡತಿ ಗಿರಾಕಿಯೊಬ್ಬಳಿಗೆ ಫೋನಿನಲ್ಲಿ ದಾರಿ ಹೇಳುತ್ತಿದ್ದಳು. "ಸೀದಾ ಬನ್ನಿ, ಎಡಗಡೆ ಒಂದು ಹಸಿರು ಗೇಟಿನ ಮನೆ ಕಾಣುತ್ತೆ, ಕುಂಡ ಎಲ್ಲ ಇಟ್ಟಿದಾರೆ. ಅದರ ಎದುರುಗಡೆದು ನಮ್ಮನೆ."

ಊಟಕ್ಕೆ ಕೂತಿದ್ದ ಮೇಸ್ತ್ರಿ ಎತ್ತಿದ ತುತ್ತನ್ನು ತಟ್ಟೆಗೆ ಹಾಕಿದ. ಇಷ್ಟು ವರ್ಷವೂ ಈ ಬೀದಿಯಲ್ಲಿ ಯಾರನ್ನು ಕೇಳಿದರೂ ಪೇಂಟರ್ ಮೇಸ್ತ್ರಿ ಮನೆ ಎಂದು ತೋರಿಸುತ್ತಿದ್ದರು. ಈಗ ಅವನ ಮನೆ ಇನ್ನೊಬ್ಬನ ಗೇಟಿನ ಎದುರುಗಡೆಯದು!

"ಪೇಂಟರ್ ಮೇಸ್ತ್ರಿ ಮನೆ ಅಂದಿದ್ರೆ ಬರ್ತಿರ್ಲಿಲ್ವಾ ಅವಳು?" ಎಂದ.

"ಬಂದು ಗೋಡೆ ನೋಡಿ ನಂಬಬೇಕಲ್ಲ," ಎಂದಳು ಹೆಂಡತಿ. ತಮಾಷೆಗೇ ಹೇಳಿದ್ದು. ಸೂಜಿಗೆ ದಾರ ಪೋಣಿಸುತ್ತಾ, ಕಿಟಕಿಯಾಚೆ ಒಮ್ಮೆ ನೋಡಿ, ಯಾರಿಗೂ ಹೇಳದವಳಂತೆ ಇನ್ನೊಂದು ಮಾತೂ ಸೇರಿಸಿದಳು. "ಏನೇ ಹೇಳಿ, ಕೆಲಸ ಅಂದ್ರೆ ಅದು ಕೆಲಸ. ಬೆಳಗಿಂದ ಸಂಜೆವರೆಗೂ ನೋಡಿದ್ರೂ ಕಣ್ಣಿಗೆ ಬೇಜಾರಾಗಲ್ಲ."

ಮೇಸ್ತ್ರಿ ಕೈತೊಳೆದು ಎದ್ದುಬಿಟ್ಟ. ಯಾವ ಮಾತಿಗಾಗಿ ತಾನು ಮೂವತ್ತೆರಡು ವರ್ಷ ಕಾಯುತ್ತಿದ್ದೆ ಎಂಬುದು ಅದು ಇನ್ನೊಬ್ಬನ ಪಾಲಾದ ಕ್ಷಣದಲ್ಲೇ ಅವನಿಗೆ ಗೊತ್ತಾದದ್ದು. ಅದೂ ಯಾರ ಪಾಲು? ಬ್ರಷ್ಷು ಹಿಡಿದು ಆರು ತಿಂಗಳಾಗದ, ಕೈ ನಡುಗುವ, ಗಡಿಯಾರದವನ ಪಾಲು! ಮೈಯೆಲ್ಲ ಉರಿದುಹೋಯಿತು. ಆವತ್ತಿನಿಂದ ಅವನು ಬೆಳಗ್ಗೆ ಎದ್ದೊಡನೆ ಮೊದಲು ನೋಡುತ್ತಿದ್ದದ್ದು ಎದುರುಮನೆಯನ್ನು, ಕೊನೆಗೆ ನೋಡುತ್ತಿದ್ದದ್ದು ಹೆಂಡತಿ ಅತ್ತ ನೋಡುತ್ತಿದ್ದಾಳೋ ಎಂದು. ತನ್ನ ಗೋಡೆಗೂ ಬಣ್ಣ ಹೊಡೆದುಬಿಡಬಹುದಿತ್ತು, ಒಂದು ಭಾನುವಾರದ ಕೆಲಸ. ಆದರೆ ಈಗ ಹೊಡೆದರೆ ಅವನನ್ನು ನೋಡಿ ಹೊಡೆದ ಎಂದಾಗುತ್ತದಲ್ಲ! ಹಾಗಾಗಿ ಹಟ ಹಿಡಿದು ಬ್ರಷ್ಷು ಮುಟ್ಟಲಿಲ್ಲ.

ಕೊನೆಗೆ ಗಡಿಯಾರದವನು ಮುಂದಿನ ಮುರುಕು ಬೇಲಿ ಕಿತ್ತು ಸೊಂಟದೆತ್ತರದ ಕಾಂಪೌಂಡು ಕಟ್ಟಿಸಿದ. ಗಾರೆಯವರು ಸಿಮೆಂಟಿನ ಗಿಲಾವು ಮಾಡಿ ಹೋದ ಆರನೇ ದಿನ ಅವನು ರಸ್ತೆ ದಾಟಿ ಬಂದು, ಮೇಸ್ತ್ರಿಯ ಕಿರುಗುಡುವ ಗೇಟಿನ ಹೊರಗೆ ನಿಂತ. ನಡುಗುವ ಬೆರಳುಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

"ಮೇಸ್ತ್ರಿಗಳೇ, ಗೇಟು ಗೀಟು ಹೇಗೋ ಆಯ್ತು. ಗೋಡೆ ನನಗೆ ಹೊಸದು. ನೀವು ಹೇಳಿದ ಹಾಗೆ ಮಾಡ್ತೀನಿ. ಎಷ್ಟು ದಿನ ಬಿಡ್ಲಿ, ಯಾವ ಬಣ್ಣ ತರ್ಲಿ?"

ಇದಕ್ಕೆ ಉತ್ತರ ಮೇಸ್ತ್ರಿ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ. ಹೊಸ ಗಿಲಾವು ಮೇಲ್ನೋಟಕ್ಕೆ ಒಣಗಿದಂತೆ ಕಂಡರೂ ಒಳಗೆ ನೀರು ಹಿಡಿದಿರುತ್ತದೆ. ಕಡಿಮೆಯೆಂದರೂ ತಿಂಗಳು ಬಿಡಬೇಕು. ಅನುಮಾನವಿದ್ದರೆ ಅಂಗೈ ಅಗಲದ ಪ್ಲಾಸ್ಟಿಕ್ಕು ಗೋಡೆಗೆ ಅಂಟಿಸಿ ಮಾರನೇ ದಿನ ಕೀಳಬೇಕು. ಒಳಮೈ ಬೆವೆತಿದ್ದರೆ ಗೋಡೆ ಇನ್ನೂ ಹಸಿ. ಅದರ ಮೇಲೆ ಎಣ್ಣೆ ಬಣ್ಣ ಬಳಿದರಂತೂ ಒಳಗಿನ ನೀರು ಹೊರಬರಲಾಗದೆ ಗುಳ್ಳೆ ಏಳುತ್ತದೆ. ತನ್ನ ಕೈಕೆಳಗೆ ಕಲಿತವರಿಗೆಲ್ಲ ಅವನು ಮೊದಲ ದಿನ ಹೇಳಿಕೊಟ್ಟ ಪಾಠವೇ ಇದು. ಈ ಮನೆ ಕಟ್ಟಿದಾಗ ಒಳಗೋಡೆಗಳಿಗೆ ಪ್ಲಾಸ್ಟಿಕ್ಕು ಅಂಟಿಸಿ, ಕಿತ್ತು ನೋಡುವ ಕೆಲಸವನ್ನು ಹೆಂಡತಿಗೇ ವಹಿಸಿದ್ದ; ಬಣ್ಣ ಹೊಡೆದವರು ಮಾತ್ರ ಅವನ ಶಿಷ್ಯರು.

"ಇನ್ನೇನು ಬಿಡೋದು ಸ್ವಾಮಿ," ಎಂದ ಮೇಸ್ತ್ರಿ. ತನ್ನ ದನಿ ಅಷ್ಟು ಸಲೀಸಾಗಿ ಬಂದದ್ದು ಅವನಿಗೇ ಆಶ್ಚರ್ಯ. "ಬಿಸಿಲು ಚುರುಕಾಗಿದೆ, ಒಣಗಿ ಗರಗರ ಅಂತಿದೆ. ನಾಳೇನೇ ಹೊಡೀರಿ. ಎಣ್ಣೆ ಬಣ್ಣ ತನ್ನಿ, ಗೇಟಿಗೆ ಹೊಡೆದ ಹಾಗೇ. ಕನ್ನಡಿ ಥರ ಹೊಳೆಯುತ್ತೆ."

ಕಿಟಕಿಯಲ್ಲಿ ಮಿಷನ್ನಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.

"ನಿಮ್ಮಂಥೋರು ಎದುರಿಗಿರೋದೇ ನನಗೆ ಆನೆಬಲ," ಎಂದು ಗಡಿಯಾರದವನು ಖುಷಿಯಿಂದ ಹೋದ.

ಆದದ್ದೇನು? ಹೊಡೆದ ಹೊಸದರಲ್ಲಿ ಆ ಗೋಡೆ ನಿಜವಾಗಿಯೂ ಕನ್ನಡಿಯಂತೆ ಹೊಳೆಯಿತು. ಸಂಜೆಯ ಬಿಸಿಲು ಬಿದ್ದರೆ ಕೆನೆಬಣ್ಣದ ಗೋಡೆಯಿಂದ ಇಡೀ ಬೀದಿಗೆ ಬೆಳಕು. ಹೋಗುವವರು ಬರುವವರು ನಿಂತು ನೋಡಿದರು. ನಿವೃತ್ತ ಮೇಷ್ಟರೊಬ್ಬರಂತೂ ಮೇಸ್ತ್ರಿಯನ್ನೇ ತಡೆದು, "ಕಲೀಬೇಕು ಕಣಯ್ಯಾ ಅವರನ್ನ ನೋಡಿ," ಎಂದುಬಿಟ್ಟರು. ಮೇಸ್ತ್ರಿಗೆ ಸಾಕುಸಾಕಾಯಿತು. ತಾನೇ ತೋಡಿದ ಗುಂಡಿಯ ಪಕ್ಕದಲ್ಲಿ ಎದುರಾಳಿ ಸಿಂಹಾಸನ ಹಾಕಿಕೊಂಡು ಕೂತಂತಾಗಿತ್ತು. ದಿನಕ್ಕೆ ನಾಲ್ಕು ಸಲ ಆಚೆ ಬಂದು, ಗುಳ್ಳೆ ಎದ್ದಿದೆಯೋ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಗಿಡಕ್ಕೆ ನೀರು ಹಾಕಿ ಮೊಳಕೆ ಕಾಯುವವರೂ ಅಷ್ಟು ಆಸೆಯಿಂದ ನೋಡಿರಲಾರರು.

ಹತ್ತೊಂಬತ್ತನೇ ದಿನ ಗುಳ್ಳೆ ಎದ್ದಿತು. ಮೊದಲು ಬುಡದಲ್ಲಿ ನಾಲ್ಕು, ಸಂಜೆಯ ಹೊತ್ತಿಗೆ ಕೈಸುಟ್ಟ ಬೊಬ್ಬೆಗಳ ಹಾಗೆ ಗೋಡೆಯ ಉದ್ದಕ್ಕೂ. ವಾರದಲ್ಲಿ ಬಣ್ಣ ಹಾಳೆ ಹಾಳೆಯಾಗಿ ಕಿತ್ತು ಬಂದು ಕುಂಡಗಳ ಮೇಲೆ ಬಿತ್ತು. ಮೇಸ್ತ್ರಿ ಆವತ್ತು ಎರಡು ಲೋಟ ಚಹಾ ಕುಡಿದ, ಬಹಳ ದಿನಗಳ ಮೇಲೆ ಸೀಟಿ ಹಾಕಿದ. ಹೆಂಡತಿ ತಲೆ ಎತ್ತಿ ಅವನನ್ನು ನೋಡಿದಳು.

ಗಡಿಯಾರದವನು ಜಗಳಕ್ಕೆ ಬಂದಿದ್ದರೆ ಮೇಸ್ತ್ರಿಯ ಬಳಿ ಉತ್ತರಗಳು ಸಿದ್ಧವಿದ್ದವು. ಬಣ್ಣದ ಡಬ್ಬವೇ ಹಳೆಯದು, ಗಾರೆಯವರೇ ಸರಿಯಿಲ್ಲ, ಹೀಗೆ. ಆದರೆ ಅವನು ಬಂದು ತಲೆ ತಗ್ಗಿಸಿ ನಿಂತ.

"ನೀವು ಸರಿಯಾಗೇ ಹೇಳಿಕೊಟ್ರಿ ಮೇಸ್ತ್ರಿಗಳೇ. ನಾನೇ ಎಲ್ಲೋ ಕೆಡಿಸಿದೆ. ಈ ಕೈ ಇನ್ನು ಯಾವುದಕ್ಕೂ ಆಗಲ್ಲ ಅನ್ಸುತ್ತೆ. ಗಡಿಯಾರ ಬಿಟ್ಟ ಮೇಲೆ ಇದೊಂದು ಇತ್ತು, ಬೆಳಿಗ್ಗೆ ಏಳೋಕೆ ಒಂದು ನೆಪ. ಬಿಟ್ಬಿಡ್ತೀನಿ. ನೋಡೋಕೆ ಅಸಹ್ಯವಾಗಿದೆ, ನೀವೇ ಒಂದು ದಾರಿ ಮಾಡ್ಕೊಡಿ."

ನಿಜ ಹೇಳಲು ಮೇಸ್ತ್ರಿಗೆ ಅದೊಂದೇ ಗಳಿಗೆ ಇತ್ತು. ಅದನ್ನು ಹಾಗೇ ಜಾರಲು ಬಿಟ್ಟ. ಯಾಕೆಂದರೆ ಅಷ್ಟರಲ್ಲೇ ಅವನ ತಲೆಗೆ ಬೇರೊಂದು ಹೊಳೆದುಬಿಟ್ಟಿತ್ತು, ನೋಡಿ ಈ ಮನುಷ್ಯನ ಬುದ್ಧಿಯನ್ನು: ಈ ಗೋಡೆ ಕಿಟಕಿಯ ನೇರಕ್ಕಿದೆ. ಇದನ್ನು ತಾನು ಮಾಡಿದರೆ ಹೆಂಡತಿ ಬೆಳಗಿಂದ ಸಂಜೆಯವರೆಗೆ ತನ್ನ ಕೈಕೆಲಸವನ್ನೇ ನೋಡುತ್ತಾಳೆ.

"ನೀವು ಒಳಗೆ ಹೋಗಿ ಕೂತ್ಕೊಳ್ಳಿ ಸ್ವಾಮಿ. ಇದು ನನ್ನ ಕೆಲಸ," ಎಂದ.

ಮಾಡಿದ, ಸುಳ್ಳಲ್ಲ. ಹಳೆಯ ಬಣ್ಣವನ್ನು ಚಕ್ಕೆ ಉಳಿಯದಂತೆ ಕೆರೆದ. ಗೋಡೆ ತೊಳೆದು ಐದು ವಾರ ಬಿಟ್ಟ. ಪ್ಲಾಸ್ಟಿಕ್ಕು ಅಂಟಿಸಿ ಮೂರು ಕಡೆ ಪರೀಕ್ಷೆ ಮಾಡಿದ. ಪ್ರೈಮರ್ ಒಂದು, ಹೊರಗೋಡೆಯ ಬಣ್ಣ ಎರಡು ಕೋಟು, ಮೇಲೆ ಇಟ್ಟಿಗೆಗೆಂಪಿನ ಪಟ್ಟಿ. ಆ ಪಟ್ಟಿಯ ಗೆರೆ ಎಳೆಯುವ ದಿನ ಉಸಿರು ಬಿಗಿಹಿಡಿದು ಗೋಡೆಯುದ್ದಕ್ಕೂ ಮಂಡಿಯ ಮೇಲೆ ಸಾಗಿದ. ತನ್ನ ಮದುವೆಯ ವರ್ಷದಲ್ಲೂ ಅಷ್ಟು ಚಂದದ ಗೆರೆ ಅವನ ಕೈಯಿಂದ ಬಂದಿರಲಿಲ್ಲ.

ಗಡಿಯಾರದವನು ಗೇಟಿನಲ್ಲಿ ನಿಂತು ಹೋಗುವವರಿಗೆಲ್ಲ ಹೇಳಿದ್ದೇ ಹೇಳಿದ್ದು. "ನಾನು ಕೆಡಿಸಿಟ್ಟಿದ್ದೆ, ಮೇಸ್ತ್ರಿಗಳು ಬಂದು ಮಾನ ಉಳಿಸಿದ್ರು." ಆದರೆ ಅವನು ಆಮೇಲೆ ಬ್ರಷ್ಷು ಮುಟ್ಟಲಿಲ್ಲ. ಸ್ಟೂಲು ಒಳಗೆ ಹೋಯಿತು, ಕುಂಡಗಳಿಗೆ ನೀರು ತಪ್ಪಿತು. ಬೀದಿಯವರು ಅದನ್ನು ಗಮನಿಸಲಿಲ್ಲ. ಅವರಿಗೆ ಮೇಸ್ತ್ರಿಯ ದೊಡ್ಡ ಮನಸ್ಸನ್ನು ಕೊಂಡಾಡುವುದರಲ್ಲೇ ಹೊತ್ತು ಹೋಗುತ್ತಿತ್ತು. ಮೇಷ್ಟರು ಅವನ ಬೆನ್ನು ತಟ್ಟಿದರು.

ಅಷ್ಟೆಲ್ಲ ಹೊಗಳಿಕೆಯೂ ಮೇಸ್ತ್ರಿಗೆ ಬಾಯಿ ಮುಕ್ಕಳಿಸುವಷ್ಟೂ ಆಗಲಿಲ್ಲ. ಅವನಿಗೆ ಬೇಕಿದ್ದದ್ದು ಒಂದೇ ಬಾಯಿಂದ. ಒಂದು ದಿನ ಕಾದ, ಎರಡು ದಿನ ಕಾದ. ಹೆಂಡತಿ ತಲೆ ತಗ್ಗಿಸಿ ಹೊಲಿಯುತ್ತಲೇ ಇದ್ದಳು. ನಾಲ್ಕನೇ ದಿನ ಮಧ್ಯಾಹ್ನ ಅವನಿಗೆ ತಡೆಯಲಾಗಲಿಲ್ಲ. ಕಿಟಕಿಯ ಸರಳು ಹಿಡಿದು ನಿಂತು, ತುಂಬ ಸಹಜವಾಗಿ ಎಂಬಂತೆ ಕೇಳಿದ.

"ಏನೇ, ಈಗಲಾದ್ರೂ ಕಣ್ಣಾರೆ ನೋಡಿದೆಯಲ್ಲ ನನ್ನ ಕೆಲಸಾನ. ಹೇಗಿದೆ ಹೇಳು."

ಅವಳು ಮಿಷನ್ನು ನಿಲ್ಲಿಸಿದಳು. ಎದುರುಗೋಡೆಯನ್ನು ನೋಡಿದಳು, ಗಂಡನ ಮುಖವನ್ನು ನೋಡಿದಳು.

"ಯಾವುದ್ರೀ? ಆ ಹಸಿ ಗೋಡೆಗೆ ಮಾಡಿದ್ದಾ, ಆಮೇಲೆ ಮಾಡಿದ್ದಾ?"

ಮೇಸ್ತ್ರಿ ಸರಳು ಬಿಟ್ಟ. ಅವಳು ಬಟ್ಟೆ ಸರಿಮಾಡಿಕೊಂಡು ಹೊಲಿಯತೊಡಗಿದಳು.