ಹಾಸಿಗೆ ಇಲ್ಲದವರ ಕರೆಗಂಟೆ

ಕೀಲಿಮಣೆಯಲ್ಲಿ ಚುಕ್ಕಿ ಒತ್ತುವ ಮೊದಲು ಚುಕ್ಕಿಯಕ್ಕ ತುಟಿ ಅಲುಗಿಸುತ್ತಿದ್ದಳು. ಅಷ್ಟೇ. ಕಚೇರಿಯಲ್ಲಿ ಅದು ಪುರಾಣವಾಗಿ ಬೆಳೆದಿತ್ತು. ಅಕ್ಕ ಮಂತ್ರ ಜಪಿಸದೆ ಚುಕ್ಕಿ ಇಟ್ಟರೆ ಸರ್ವರ್‌ಗಳು ಗಡಗಡ ನಡುಗುತ್ತವಂತೆ, ಒಮ್ಮೆ ಮರೆತಿದ್ದಕ್ಕೆ ಲಿಫ್ಟೇ ನಿಂತುಹೋಯಿತಂತೆ!

ನಿಜ ಹೇಳಬೇಕೆಂದರೆ ಈ ವೀರಾಗ್ರಣಿ ಮಹಾ ಪುಕ್ಕಲಿ. ಪ್ರೋಗ್ರಾಂ ಬರೆಯುವ ಜಾವಾ ಭಾಷೆಯಲ್ಲಿ ಒಂದು ವಸ್ತುವಿನಿಂದ ಅದಕ್ಕೆ ಅಂಟಿಕೊಂಡ ಇನ್ನೊಂದಕ್ಕೆ ದಾಟಲು ಚುಕ್ಕಿಯೇ ಸೇತುವೆ. ಅತ್ತೆಯ ತಮ್ಮನ ಹೆಂಡತಿಯ ಅಕ್ಕ ಎಂದು ನೆಂಟಸ್ತನ ಹಿಡಿದು ಹೋದ ಹಾಗೆ. ಆ ತಮ್ಮನಿಗೆ ಮದುವೆಯೇ ಆಗಿರದಿದ್ದರೆ? ಕಾಲಿಟ್ಟಲ್ಲಿ ನೆಲವಿಲ್ಲ, ಪ್ರೋಗ್ರಾಂ ದೊಪ್ಪನೆ ಬೀಳುತ್ತದೆ.

ಆಸ್ಪತ್ರೆಯೊಂದರ ಕರೆಗಂಟೆಯ ಕೆಲಸ ಬಂದಿತ್ತು. ರೋಗಿ ಗುಂಡಿ ಒತ್ತಿದರೆ ನರ್ಸಿನ ಫೋನು ಬಡಿದುಕೊಳ್ಳಬೇಕು. ಪಕ್ಕದ ಮೇಜಿನ ಕನ್ನಡಕದವನು ರೋಗಿ, ಚುಕ್ಕಿ, ಹಾಸಿಗೆ, ಚುಕ್ಕಿ, ವಾರ್ಡು, ಚುಕ್ಕಿ, ನರ್ಸು ಎಂದು ಒಂದೇ ಉಸಿರಿಗೆ ಬರೆದಿದ್ದ.

“ಹಾಸಿಗೆ ಇಲ್ದೇ ಇದ್ರೆ?” ಎಂದಳು ಅಕ್ಕ.

“ಹಾಸಿಗೆ ಇಲ್ದೆ ರೋಗಿ ಎಲ್ಲಿ ಮಲಗ್ತಾನಕ್ಕಾ, ನಿಮ್ಮ ತಲೆ ಮೇಲಾ?”

ಎಲ್ಲರೂ ನಕ್ಕರು. ಅಕ್ಕ ನಾಚಿ ಒಪ್ಪಿಗೆ ಕೊಟ್ಟುಬಿಟ್ಟಳು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಪ್ರೋಗ್ರಾಂ ಶುರುವಾಯಿತು. ಹತ್ತೂವರೆಗೆ ಅದೇ ಆಸ್ಪತ್ರೆಯಿಂದ ಚಿಕ್ಕಮ್ಮನ ಫೋನು.

“ಎದೆ ನೋವು ಅಂತ ಬಂದೆ ಕಣೇ. ಹಾಸಿಗೆ ಖಾಲಿ ಇಲ್ವಂತೆ, ವರಾಂಡದಲ್ಲಿ ಸ್ಟ್ರೆಚರ್ ಮೇಲೇ ಮಲಗಿಸಿದಾರೆ. ಕೈಗೊಂದು ಗುಂಡಿ ಕೊಟ್ಟಿದಾರೆ. ಆಗ್ಲಿಂದ ಒತ್ತುತಾ ಇದೀನಿ, ಒಂದು ನರಪಿಳ್ಳೆ ಬರ್ಲಿಲ್ಲ.”

ಹಾಸಿಗೆಯಿಲ್ಲದ ಚುಕ್ಕಿಯಲ್ಲೇ ಪ್ರೋಗ್ರಾಂ ಬಿದ್ದಿದೆಯೆಂದು ಅಕ್ಕನಿಗೆ ಹೊಳೆಯಿತು. “ಕೂಗು ಚಿಕ್ಕಮ್ಮಾ, ನಾಚ್ಕೋಬೇಡ!”

“ಉಸಿರೇ ಸಾಲ್ತಿಲ್ಲ, ಹೇಗೆ ಕೂಗ್ಲೇ?”

ಕನ್ನಡಕದವನು ಆಸ್ಪತ್ರೆಗೆ ಫೋನು ಹಚ್ಚಿದ. ಎಂಗೇಜ್. ಮತ್ತೆ ಹಚ್ಚಿದ. ಎಂಗೇಜ್. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರು ಹಾಸಿಗೆಯೇ ಇಲ್ಲದವರಿಗೆ ಏನೂ ಹೇಳಿ ಹೋಗಿಲ್ಲ. ಅದನ್ನು ಅಕ್ಕನೇ ಬರೆಯಬೇಕಾಯಿತು: ಹಾಸಿಗೆ ಇಲ್ಲವೋ, ಹತ್ತಿರದ ನರ್ಸಿಗೆ ನೇರ ಕರೆ ಹೋಗಲಿ. ಎರಡು ಸಾಲು. ಅವಸರಕ್ಕೆ ಮೂರು ಸಲ ತಪ್ಪಿತು. ಏಳು ನಿಮಿಷಕ್ಕೆ ಹೊಸ ಪ್ರೋಗ್ರಾಂ ಆಸ್ಪತ್ರೆ ಸೇರಿತು.

“ಈಗ ಒತ್ತು ಚಿಕ್ಕಮ್ಮಾ.”

ಸದ್ದಿಲ್ಲ. ಅಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಆಮೇಲೆ ದೂರದಲ್ಲಿ ಚಪ್ಪಲಿಯ ಸರಸರ ಸದ್ದು. “ಏನಮ್ಮಾ, ಏನಾಗ್ತಿದೆ? ಡಾಕ್ಟ್ರೇ, ಬೇಗ ಬನ್ನಿ!”

ಸಂಜೆಗೆ ಚಿಕ್ಕಮ್ಮ ಚೇತರಿಸಿಕೊಂಡಳು, ಹಾಸಿಗೆಯೂ ಸಿಕ್ಕಿತು. ಅದು ಕಲ್ಲಿನ ಹಾಗಿದೆಯೆಂದು ಆಗಲೇ ನಾಲ್ಕು ಸಲ ಗಂಟೆ ಒತ್ತಿದ್ದಳಂತೆ.

ಕನ್ನಡಕದವನು ಅಕ್ಕನ ಮುಂದೆ ಕೈಮುಗಿದು ನಿಂತ. “ಇನ್ನಾದ್ರೂ ಹೇಳಿಕೊಡಿ ಅಕ್ಕಾ, ಚುಕ್ಕಿ ಇಡೋ ಮುಂಚೆ ಯಾವ ಮಂತ್ರ ಹೇಳ್ತೀರಿ?”

“ಮಂತ್ರ ಏನ್ ಬಂತು? ‘ಒಳಗೆ ಯಾರಾದ್ರೂ ಇದೀರಾ’ ಅಂತ ಕೇಳ್ತೀನಿ.”