ಎಡಮೂಲೆಯ ಚಿತ್ತಯ್ಯ

ನಮ್ಮ ಜವನಗೊಂಡನಹಳ್ಳಿಯಲ್ಲಿ ಆಟೋಟದ ಸಭೆ ನಡೆದಾಗಲೆಲ್ಲ ಯಾರಾದರೊಬ್ಬರು ಮೈಕಿನ ಮುಂದೆ ನಿಂತು, ತಂಡ ಗೆಲ್ಲಬೇಕಾದರೆ ಒಗ್ಗಟ್ಟು ಬೇಕು, ನಂಬಿಕೆ ಬೇಕು, ತ್ಯಾಗ ಬೇಕು ಎಂದು ಕೊರೆಯುತ್ತಾರೆ. ನನಗೆ ಮೈ ಉರಿಯುತ್ತದೆ. ಮಾತು ಸುಳ್ಳು ಅಂತಲ್ಲ. ಆ ಗುಣಗಳೆಲ್ಲ ಇದ್ದ ಒಂದು ತಂಡವನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದರ ಚಡ್ಡಿ ಹೊಲಿದುಕೊಟ್ಟ ದರ್ಜಿಯೇ ನಾನು. ಅದು ಜಿಲ್ಲೆಗೇ ಮೊದಲು ಬಂತು. ಚಿತ್ತಯ್ಯನನ್ನು ಹಾಳು ಮಾಡಿದ್ದೂ ಅದೇ.

ಚಿತ್ತಯ್ಯ ಊರಾಚೆಯ ಗೊಲ್ಲರಹಟ್ಟಿಯವನು, ಕುರಿ ಕಾಯುತ್ತಿದ್ದ. ಮನೆಯಲ್ಲಿ ಅವನು ಮತ್ತು ತಾಯಿ ಯಲ್ಲಕ್ಕ ಇಬ್ಬರೇ. ಮಾತು ಕಮ್ಮಿ, ಊಟ ಜಾಸ್ತಿ. ಇವನು ಮುದ್ದೆಗೆ ಕೂತರೆ ಬಡಿಸುವವರು ಸೋಲಬೇಕು ಎಂದು ನಾವು ಚುಡಾಯಿಸಿದರೆ, ನಕ್ಕು ಇನ್ನೊಂದು ಮುದ್ದೆ ಕೇಳುತ್ತಿದ್ದ. ಕಬಡ್ಡಿಯಲ್ಲಿ ಅವನದು ಎಡಮೂಲೆ. ಉಸಿರು ಕಟ್ಟಿ ನುಗ್ಗಿ ಬರುವ ಎದುರಾಳಿಯ ಕಾಲಿಗೆ ಬಿದ್ದು ಹಿಡಿಯುವುದು ಅವನ ಕೆಲಸ. ಪಕ್ಕದಲ್ಲಿ ಅದೇ ಹಟ್ಟಿಯ ಕಾಟಲಿಂಗಪ್ಪ, ಅವನ ಕೈ ಹಿಡಿದು ನಿಲ್ಲುತ್ತಿದ್ದ. ಕಾಟಲಿಂಗಪ್ಪ ಕೈ ಅದುಮಿದನೆಂದರೆ ಮುಗಿಯಿತು, ಚಿತ್ತಯ್ಯ ಹಿಂದೆ ಮುಂದೆ ನೋಡದೆ ಬೀಳುತ್ತಿದ್ದ. ಚಪ್ಪಾಳೆಯೆಲ್ಲ ಮುಟ್ಟಿ ಬರುವವರಿಗೆ, ಇವನಿಗೆ ಮೊಣಕೈಯ ತರಚುಗಾಯ. ಅದರ ಬಗ್ಗೆ ಅವನು ಒಂದು ದಿನವೂ ಮುಖ ಸಣ್ಣದು ಮಾಡಿದವನಲ್ಲ.

ತಂಡ ಕಟ್ಟಿದವರು ಕೊಬ್ಬರಿ ವ್ಯಾಪಾರದ ಏಕಾಂತಪ್ಪ. ಹಟ್ಟಿಯ ಐದು ಜನ, ಊರಿನ ಇಬ್ಬರು. ಏಕಾಂತಪ್ಪ ಕೆಟ್ಟವರಲ್ಲ, ಹುಡುಗರಿಗೆ ತಮ್ಮ ಮನೆಯಿಂದಲೇ ಹಾಲು ಕಾಯಿಸಿ ಕಳಿಸುತ್ತಿದ್ದರು. ಆದರೆ ಹೊಸದುರ್ಗದಲ್ಲಿ ಒಮ್ಮೆ, ಹೊಳಲ್ಕೆರೆಯಲ್ಲಿ ಒಮ್ಮೆ ಫೈನಲ್ಲಿನಲ್ಲಿ ಸೋತು ಬಂದ ಮೇಲೆ ಅವರಿಗೆ ಕಪ್ಪಿನ ಹುಚ್ಚು ಹಿಡಿದಿತ್ತು.

ಎಪ್ಪತ್ತಾರರ ಬೇಸಿಗೆಯಲ್ಲಿ ಚಿತ್ರದುರ್ಗದಲ್ಲಿ ಜಿಲ್ಲಾ ಪಂದ್ಯ ಗೊತ್ತಾಯಿತು. ಆ ಹೊತ್ತಿಗೆ ಯಲ್ಲಕ್ಕ ಹಾಸಿಗೆ ಹಿಡಿದಿದ್ದಳು. ಚಿತ್ತಯ್ಯ ಬರುವುದಿಲ್ಲ ಎಂದುಬಿಟ್ಟ. ಏಕಾಂತಪ್ಪ ಮುಳ್ಳುಬೇಲಿಯ ಹೊರಗೆ ಚಪ್ಪಲಿ ಬಿಟ್ಟು ಹಟ್ಟಿಯೊಳಗೇ ಹೋಗಿ ಕೇಳಿಕೊಂಡರು. ಕೊನೆಗೆ ಯಲ್ಲಕ್ಕನೇ ಹೋಗಿ ಬಾ ಎಂದಳು. ಆಗ ಅವನು ಕೇಳಿದ್ದು ಒಂದೇ ಮಾತು.

“ಅವ್ವಂಗೆ ಹೆಚ್ಚುಕಮ್ಮಿ ಆದ್ರೆ ಆಟದ ನಡುವೆ ಆದ್ರೂ ಹೇಳ್ಬೇಕು ಕಣ್ರಿ. ಮಣ್ಣಿಗಿಡೋಕೆ ಮುಂಚೆ ನಾನು ಮುಖ ನೋಡ್ಬೇಕು.”

ಏಕಾಂತಪ್ಪ ಕೊರಳಿನ ಲಿಂಗ ಮುಟ್ಟಿ ಮಾತು ಕೊಟ್ಟರು.

ಪಂದ್ಯದ ಎರಡನೇ ದಿನ ಬೆಳಿಗ್ಗೆ, ಸೆಮಿಫೈನಲ್ಲಿಗೆ ಮುಂಚೆ, ಹಟ್ಟಿಯ ಜುಂಜಯ್ಯ ಲಾರಿ ಹತ್ತಿಕೊಂಡು ಬಂದ. ಯಲ್ಲಕ್ಕ ನಸುಕಿನಲ್ಲೇ ತೀರಿಕೊಂಡಿದ್ದಳು. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕು, ಮಗನನ್ನು ಕಳಿಸಿ ಎಂದು ಹಿರಿಯರು ಹೇಳಿ ಕಳಿಸಿದ್ದರು. ಆಗ ನಾನು ಮೈದಾನದ ಆ ಕಡೆ ಚಿತ್ತಯ್ಯನ ಮೊಣಕಾಲಿಗೆ ಬಟ್ಟೆ ಸುತ್ತುತ್ತಿದ್ದೆ. ಈ ಕಡೆ ಏನು ನಡೆಯಿತೆಂಬುದನ್ನು ಕಾಟಲಿಂಗಪ್ಪನೇ ಆಮೇಲೆ ನನ್ನ ಮುಂದೆ ಅತ್ತುಕೊಂಡು ಹೇಳಿದ್ದು. ಏಕಾಂತಪ್ಪ ಉಳಿದ ಆರು ಜನರನ್ನೂ ಶಾಮಿಯಾನದ ಹಿಂದೆ ಕರೆದರು.

“ಕಿವಿಗೆ ಬೀಳೋ ತನಕ ಸೂತಕ ಇಲ್ಲ. ಅವನಿಲ್ದೆ ನಾವು ಗೆಲ್ಲಾಕಾಗಲ್ಲ. ಆಟ ಮುಗೀಲಿ, ಕಾರು ಮಾಡಿ ನಾನೇ ಕರ್ಕಂಡು ಹೋಗ್ತೀನಿ.”

ಮಗ ಬರುತ್ತಾನೆಂದು ಹೇಳಲು ಜುಂಜಯ್ಯನನ್ನು ಹಿಂದಕ್ಕೆ ಅಟ್ಟಿದರು. ಹುಡುಗರಲ್ಲಿ ಒಬ್ಬನೂ ಬಾಯಿ ಬಿಡಲಿಲ್ಲ. ಒಗ್ಗಟ್ಟು ಅಂದರೆ ಅದು.

ಒಂದು ಕಷ್ಟವಿತ್ತು. ಹಟ್ಟಿಯವರೆಲ್ಲ ಅಣ್ಣತಮ್ಮಂದಿರ ಕುಲ. ಸಾವಿನ ಸುದ್ದಿ ಕೇಳಿದ ಕೂಡಲೇ ತಲೆ ಮೇಲೆ ನೀರು ಸುರಿದುಕೊಳ್ಳಬೇಕು, ಮಣ್ಣಾಗುವ ತನಕ ತುತ್ತು ಎತ್ತಬಾರದು. ನೀರು ಸುರಿದುಕೊಂಡರೆ ಚಿತ್ತಯ್ಯನಿಗೆ ಗೊತ್ತಾಗುತ್ತದೆ. ಅದಕ್ಕೇ ಒಣ ತಲೆಯಲ್ಲೇ ಆಡಿದರು, ಸೆಮಿಫೈನಲ್ ಗೆದ್ದರು. ಮಧ್ಯಾಹ್ನ ಹೋಟೆಲಿನಿಂದ ಅನ್ನ ಸಾರು ತರಿಸಿದಾಗ ಹಟ್ಟಿಯ ನಾಲ್ವರೂ ಹೊಟ್ಟೆ ಸರಿಯಿಲ್ಲ ಎಂದರು. ಚಿತ್ತಯ್ಯ ಇದ್ಯಾಕಪ್ಪ ಎಂದು ನಕ್ಕು, ಅನ್ನ ದಂಡ ಮಾಡಬಾರದೆಂದು ಅವರ ಪಾಲನ್ನೂ ಉಂಡ. ನಾನು ಪಕ್ಕದಲ್ಲೇ ಕುಳಿತು ಸಾರು ಹಾಕಿದೆ. ನನಗೇನು ಗೊತ್ತಿತ್ತು?

ಫೈನಲ್ ಭರಮಸಾಗರದವರ ಮೇಲೆ. ಮೊದಲರ್ಧ ಮುಗಿದಾಗ ನಾವೇ ಹಿಂದೆ. ಯಾಕೋ ನನ್ನ ಮುಖ ನೋಡುವುದಿಲ್ಲ ಎಂದು ಚಿತ್ತಯ್ಯ ಪಕ್ಕದವನನ್ನು ಕೇಳಿದನಂತೆ. ಕಣ್ಣಿಗೆ ಬಿಸಿಲು ಎಂದ ಕಾಟಲಿಂಗಪ್ಪ. ಚಿತ್ತಯ್ಯ ನಂಬಿದ. ಕೊನೆಯ ಗಳಿಗೆಯಲ್ಲಿ ಅವರ ಕಡೆಯ ದೈತ್ಯನಂಥ ಆಳು ನುಗ್ಗಿದಾಗ ಕಾಟಲಿಂಗಪ್ಪನ ಕೈ ಅದುಮಿತು, ಇವನು ಬಿದ್ದ. ಆ ಆಳು ಇವನ ಬೆನ್ನ ಮೇಲೆಲ್ಲ ತುಳಿದಾಡಿದರೂ ಕಾಲು ಬಿಡಲಿಲ್ಲ. ಸೀಟಿ ಊದಿದರು. ಗೆದ್ದೆವು.

ನಾನು ಕೂಗುತ್ತ ಒಳಗೆ ಓಡಿದೆ. ಚಿತ್ತಯ್ಯ ಮೈಯೆಲ್ಲ ಮಣ್ಣಾಗಿ ಎದ್ದು ನಿಂತು, ಎತ್ತಿಕೊಳ್ಳುತ್ತಾರೇನೋ ಎಂದು ಸುತ್ತ ನೋಡಿದ. ಹಟ್ಟಿಯ ನಾಲ್ವರೂ ಅವನ ಹತ್ತಿರ ಬರಲಿಲ್ಲ. ಸೀದಾ ಮೈದಾನದ ಮೂಲೆಯ ನಲ್ಲಿಗೆ ಹೋಗಿ, ಚಡ್ಡಿ ಬನಿಯನ್ನಿನಲ್ಲೇ ಕೂತು, ಒಬ್ಬರಾದ ಮೇಲೊಬ್ಬರು ತಲೆಗೆ ನೀರು ಸುರಿದುಕೊಂಡರು. ಅವನ ನಗು ಹಾಗೇ ನಿಂತಿತು. ನಿಧಾನವಾಗಿ ನಡೆದು ಹೋಗಿ ಕಾಟಲಿಂಗಪ್ಪನ ಎದುರು ನಿಂತ.

“ಎಷ್ಟೊತ್ತಿಗಂತೆ?”

“ಬೆಳಿಗ್ಗೆ.”

“ಮತ್ತೆ ನನಗೆ ಊಟಕ್ಕಿಟ್ರಲ್ಲೋ.”

ಕಾಟಲಿಂಗಪ್ಪ ಇನ್ನೊಂದು ಬೊಗಸೆ ನೀರು ತಲೆಗೆ ಸುರಿದುಕೊಂಡ. ಚಿತ್ತಯ್ಯ ಅಲ್ಲೇ ಪಕ್ಕಕ್ಕೆ ಹೋಗಿ ಗಂಟಲಿಗೆ ಬೆರಳು ಹಾಕಿ ಕಾರಿಕೊಳ್ಳಲು ನೋಡಿದ. ಏನೂ ಬರಲಿಲ್ಲ.

ಆ ಗದ್ದಲದಲ್ಲಿ ಕಾರು ಸಿಗುವುದೇ ತಡವಾಯಿತು. ಹಿರಿಯೂರು ದಾಟುವಾಗ ಹೊತ್ತು ಮುಳುಗಿತು. ನಾವು ಹೋದಾಗ ಹಟ್ಟಿಯವರು ಮಣ್ಣು ಮಾಡಿ ಕೈಕಾಲು ತೊಳೆಯುತ್ತಿದ್ದರು. ಹೊತ್ತು ಇಳಿಯುವ ತನಕ ಮುಖದ ಬಟ್ಟೆ ತೆಗೆದೇ ಇಟ್ಟಿದ್ದೆವು ಎಂದಳು ಒಬ್ಬ ಮುದುಕಿ.

ಚಿತ್ತಯ್ಯ ಯಾರ ಮೇಲೂ ಕೂಗಾಡಲಿಲ್ಲ. ಮೈದಾನಕ್ಕೆ ಮತ್ತೆ ಬರಲಿಲ್ಲ ಅಷ್ಟೆ. ಮರುವರ್ಷ ಅದೇ ತಂಡ ಮೊದಲ ಪಂದ್ಯದಲ್ಲೇ ಮಣ್ಣುಮುಕ್ಕಿತು. ಕಪ್ಪು ಏಕಾಂತಪ್ಪನವರ ಅಂಗಡಿಯಲ್ಲಿ ಕೊಬ್ಬರಿ ಚೀಲಗಳ ಮೇಲೆ ಧೂಳು ಹಿಡಿದು ಕೂತಿತ್ತು. ಚಿತ್ತಯ್ಯ ಮದುವೆಯಾದ, ಒಂದು ಹೆಣ್ಣುಮಗುವಾಯಿತು. ಆದರೆ ಹಟ್ಟಿ ಬಿಟ್ಟು ಹೊರಗೆ ಎಲ್ಲೂ ಒಂದು ತುತ್ತು ತಿನ್ನುತ್ತಿರಲಿಲ್ಲ. ನಾನು ಚಹಾ ತರಿಸಿದರೂ ಮುಟ್ಟುತ್ತಿರಲಿಲ್ಲ.

ಎಪ್ಪತ್ತೊಂಬತ್ತರಲ್ಲಿ ಒಂದು ಸಂಜೆ ಮಗುವಿನ ಅಂಗಿ ಹೊಲಿಸಲು ನನ್ನ ಅಂಗಡಿಗೆ ಬಂದು ಕೂತಿದ್ದ. ಜೋರು ಮಳೆ ಹಿಡಿಯಿತು. ಹಟ್ಟಿಯ ಕಡೆಯಿಂದ ಕಾಟಲಿಂಗಪ್ಪ ಓಡೋಡಿ ಬಂದು ಸೂರಿನ ಕೆಳಗೆ ನಿಂತ, ತಲೆಯಿಂದ ನೀರು ಇಳಿಯುತ್ತಿತ್ತು. ಚಿತ್ತಯ್ಯ ದಿಗ್ಗನೆ ಎದ್ದ.

“ಯಾರು?” ಎಂದ.

“ಯಾರೂ ಇಲ್ಲ ಮಾರಾಯ. ಮಳೆ ಅಲ್ಲೇನೋ?”

ಮಳೆ ನಮ್ಮೆಲ್ಲರ ಕಣ್ಣ ಮುಂದೆಯೇ ಸುರಿಯುತ್ತಿತ್ತು. ಚಿತ್ತಯ್ಯ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಕಂಬಳಿಯನ್ನೂ ಅಂಗಿಯನ್ನೂ ಅಲ್ಲೇ ಬಿಟ್ಟು, ಹೆಂಡತಿ ಮಗುವನ್ನು ಕಣ್ಣಾರೆ ನೋಡಲು ಹಟ್ಟಿಯ ಕಡೆ ಓಡಿದ.